ಒಂದು ಸಲದ ಒಗೆತ

ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿಯಾಗಿದೆ ಎನ್ನುವುದಕ್ಕೂ ಪುರಾವೆ ಬೇಕಿತ್ತು. ಸಟನ್ ಎಂಬ ಇಂಗ್ಲಿಷ್ ಪಟ್ಟಣದ ಹಳೆಯ ಇಟ್ಟಿಗೆ ಮನೆಯೊಂದರ ಮೇಲಿನ ಅಂತಸ್ತಿನಲ್ಲಿ ನಾವು ಮೂವರಿದ್ದೆವು. ಅಡುಗೆಮನೆಯ ಗೋಡೆಗೆ ಮಡಚಿ ಹಾಕುವ ಮೇಜು. ಅದನ್ನು ಬಿಚ್ಚಿದರೆ ಫ್ರಿಜ್ಜಿನ ಬಾಗಿಲು ತೆಗೆಯಲಾಗುತ್ತಿರಲಿಲ್ಲ. ಹಾಗಾಗಿ ಮೊಸರು, ಉಪ್ಪಿನಕಾಯಿ ಎಲ್ಲವನ್ನೂ ಮೊದಲೇ ಹೊರಗಿಟ್ಟುಕೊಂಡು ಊಟಕ್ಕೆ ಕೂರಬೇಕು. ಕೂತ ಮೇಲೆ ಅಪ್ಪನ ನ್ಯಾಯಾಲಯ ಶುರು. ಧಾರವಾಡದ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತಿದ್ದ ಅಪ್ಪ, ಅಮ್ಮನಿಗೆ ಇಲ್ಲಿನ ಆಸ್ಪತ್ರೆಯಲ್ಲಿ ಡಾಕ್ಟರ್ ಕೆಲಸ ಸಿಕ್ಕಾಗ ಜೊತೆಗೆ ಬಂದವರು. ಅವರ ಡಿಗ್ರಿಗೆ ಇಲ್ಲಿ ಯಾರೂ ಪಾಠ ಮಾಡುವ ಕೆಲಸ ಕೊಡಲಿಲ್ಲ. ನಸುಕಿನಲ್ಲೆದ್ದು ಹೋಗಿ ಸೂಪರ್‌ಮಾರ್ಕೆಟ್ಟಿನ ಕಪಾಟುಗಳಿಗೆ ಸಾಮಾನು ಜೋಡಿಸಿ ಎಂಟೂವರೆಗೆ ಮನೆಗೆ ಬರುತ್ತಿದ್ದರು. ಇಡೀ ಕ್ಲಾಸಿಗೆ ಮಾಡಬೇಕಾದ ಪಾಠವನ್ನೆಲ್ಲ ನನ್ನೊಬ್ಬಳಿಗೇ ಮಾಡಿದರು ಎಂದರೆ ತಪ್ಪಾಗಲಾರದು.

"ಉಪ್ಪು ಜಾಸ್ತಿ ಆಗೇದ ಅಂದಿ. ಯಾವುದಕ್ಕಿಂತ ಜಾಸ್ತಿ? ನಿನ್ನಿ ಸಾರಿಗಿಂತನೋ, ನಿನ್ನ ಸಾಲಿ ಊಟಕ್ಕಿಂತನೋ? ಪುರಾವಿ ಏನದ?"

"ತಿನ್ನೋಕಾದ್ರೂ ಬಿಡ್ರೀ ಮಗೂನ," ಎನ್ನುತ್ತಿದ್ದರು ಮೈಸೂರಿನ ನನ್ನಮ್ಮ. "ನಾನು ಬೆಳಗ್ಗೆಯಿಂದ ನಲವತ್ತು ಜನರ ಹತ್ರ ಎಲ್ಲಿ ನೋವು, ಯಾವಾಗಿಂದ ಅಂತ ಕೇಳಿ ಬಂದಿದೀನಿ. ಮನೇಲೂ ಅದೇನಾ?"

ನನಗೆ ಮಾತ್ರ ಆ ನ್ಯಾಯಾಲಯ ತುಂಬಾ ಇಷ್ಟ. ಅಪ್ಪ ಕನ್ನಡದಲ್ಲಿ ಕೇಳುತ್ತಿದ್ದರು, ನಾನು ಇಂಗ್ಲಿಷಿನಲ್ಲಿ ಎದುರುತ್ತರ ಕೊಡುತ್ತಿದ್ದೆ. (ಇಲ್ಲಿ ನನ್ನ ಮಾತುಗಳನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಈ ಲಿಪಿ ಕಲಿಸಿದವರೂ ಅವರೇ.) ನಮ್ಮ ಬೀದಿಯ ಮಕ್ಕಳೆಲ್ಲ, ಆಯ್ದ ಮಕ್ಕಳನ್ನಷ್ಟೇ ಸೇರಿಸಿಕೊಳ್ಳುವ ಗ್ರಾಮರ್ ಸ್ಕೂಲಿನ ಪರೀಕ್ಷೆಗೆಂದು ಟ್ಯೂಷನ್ನಿಗೆ ಹೋಗುತ್ತಿದ್ದರೆ, ನನ್ನನ್ನು ಅದರ ಜೊತೆಗೆ ಶನಿವಾರದ ಚರ್ಚಾಕೂಟಕ್ಕೂ ಸೇರಿಸಿದ್ದರು. ಮನೆಯಲ್ಲಿ ಮಾಡುವ ಜಗಳವನ್ನು ಹೊರಗೆ ಮಾಡಿದರೆ ಬಹುಮಾನ ಕೊಡುತ್ತಾರೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹತ್ತು ವರ್ಷಕ್ಕೆ ನಾನು ಯಾರ ಮಾತನ್ನೂ ಪೂರ್ತಿ ಕೇಳಿಸಿಕೊಳ್ಳುತ್ತಿರಲಿಲ್ಲ. ಎಲ್ಲಿ ಬಿರುಕಿದೆ ಎಂದು ಹುಡುಕುವುದಕ್ಕೆ ಎಷ್ಟು ಬೇಕೋ ಅಷ್ಟು ಮಾತ್ರ ಕೇಳುತ್ತಿದ್ದೆ.

ಕೆಳಗಿನ ಅಂತಸ್ತಿನಲ್ಲಿ ಬೆಂಗಳೂರಿನ ಕಿರಣ್ ಅಂಕಲ್ ಇದ್ದರು. ಮದುವೆಯಾಗಿರಲಿಲ್ಲ, ಕ್ಯಾನರಿ ವಾರ್ಫಿನ ಬ್ಯಾಂಕಿನಲ್ಲಿ ಕೆಲಸ. ನಡುವಿನಲ್ಲಿ ಮಂಗಳೂರು ಕಡೆಯ ಪದ್ಮಕ್ಕ, ಅಮ್ಮನ ಆಸ್ಪತ್ರೆಯಲ್ಲೇ ನರ್ಸ್. ಅವರ ಗಂಡ ಹಡಗಿನ ಕೆಲಸದಲ್ಲಿದ್ದರು, ವರ್ಷಕ್ಕೆರಡು ಸಲ ಬರುತ್ತಿದ್ದರು. ಎಲ್ಲರಿಗಿಂತ ಕೆಳಗೆ, ನೆಲಮಾಳಿಗೆಯಲ್ಲಿ, ಇಡೀ ಮನೆಗೆ ಒಂದೇ ವಾಷಿಂಗ್ ಮಷೀನು. ಒಂದು ಪೌಂಡಿನ ನಾಣ್ಯ ನುಂಗಿದರೆ ಒಂದು ಸಲ ತಿರುಗುವ ಯಂತ್ರ ಅದು. ನಾಣ್ಯ ಹಾಕುವ ಕಿಂಡಿಯ ಪಕ್ಕದಲ್ಲಿ ಎಷ್ಟು ಸಲ ತಿರುಗಿತೆಂದು ತೋರಿಸುವ ಅಂಕಿಗಳ ಸಣ್ಣ ಕಿಟಕಿಯಿತ್ತು. ತನ್ನ ಆಳು ತಿಂಗಳಿಗೊಮ್ಮೆ ಬಂದು ಪೆಟ್ಟಿಗೆ ಖಾಲಿ ಮಾಡುವಾಗ ನಾಣ್ಯ ಕದಿಯಬಾರದೆಂದು ಮನೆ ಮಾಲೀಕ ಹಾಕಿಸಿದ್ದು. ಮನುಷ್ಯರನ್ನು ನಂಬದವನೊಬ್ಬ ಹಾಕಿಸಿದ ಕಿಟಕಿ ಎಂದು ನನಗೆ ಅದರ ಮೇಲೆ ವಿಶೇಷ ಗೌರವ.

ಆ ವರ್ಷ ಸರ್ಕಾರ ಪೌಂಡಿನ ನಾಣ್ಯವನ್ನೇ ಬದಲಾಯಿಸಿತು. ದುಂಡಗಿನದು ಹೋಗಿ ಹನ್ನೆರಡು ಮೂಲೆಯದು ಬಂತು. ನಮ್ಮ ಯಂತ್ರದ ಕಿಂಡಿಗೆ ಹೊಸದು ಹೋಗುತ್ತಲೇ ಇರಲಿಲ್ಲ. ಯಂತ್ರ ಬದಲಾಯಿಸಲು ದುಡ್ಡಿಲ್ಲ, ಬೇಡವೆನಿಸಿದರೆ ಹೇಳಿ, ಎತ್ತಿಸಿಬಿಡುತ್ತೇನೆ ಎಂದ ಮಾಲೀಕ. ಆದರೆ ಒಂದು ಉಪಕಾರ ಮಾಡಿದ: ತಿಂಗಳಿಗೊಮ್ಮೆ ಪೆಟ್ಟಿಗೆಯಲ್ಲಿ ಸಿಕ್ಕ ದುಂಡು ನಾಣ್ಯಗಳನ್ನು ನಮಗೇ ವಾಪಸ್ ಕೊಟ್ಟು, ಬದಲಿಗೆ ಹೊಸ ನಾಣ್ಯ ತೆಗೆದುಕೊಳ್ಳಲು ಒಪ್ಪಿದ. ಅಂದರೆ ಹಳೆಯ ನಾಣ್ಯಗಳು ನಮ್ಮ ಮನೆಯೊಳಗೇ ಸುತ್ತುತ್ತಿದ್ದರೆ ಸಾಕು. ಅವು ಸುತ್ತಲಿಲ್ಲ. ಎಲ್ಲರೂ ಒಂದೊಂದು ಡಬ್ಬಿಯಲ್ಲಿ ಬಚ್ಚಿಟ್ಟುಕೊಂಡರು. ಕಿರಣ್ ಅಂಕಲ್ ಹತ್ತಿರ ಹದಿನೈದು ಇದ್ದಾವಂತೆ, ದಿನಾ ಯೂನಿಫಾರ್ಮ್ ಒಗೆಯಬೇಕಾದ ಪದ್ಮಕ್ಕನ ಹತ್ತಿರ ಒಂಬತ್ತೇ ಅಂತೆ ಎಂದು ಮೆಟ್ಟಿಲಿನ ಮೇಲೆ ನಿಂತು ಮಾತಿಗೆ ಮಾತು ಬೆಳೆಯಿತು.

ಅಪ್ಪ ತಮ್ಮ ಆಲ್ಬಮ್ ಹೊರಗೆ ತೆಗೆದದ್ದು ಆಗಲೇ. ಭಾನುವಾರದ ಹಳೇ ಸಾಮಾನಿನ ಸಂತೆಯಲ್ಲಿ ಅವರು ಕೊಂಡಿದ್ದ ಹಸಿರು ಪುಸ್ತಕ ಅದು. ಒಳಗೆ ಜರ್ಮನಿಯ ಸಣ್ಣ ಸಣ್ಣ ಊರುಗಳು ಮೊದಲ ಮಹಾಯುದ್ಧದ ಹೊತ್ತಿನಲ್ಲಿ ತಾವೇ ಅಚ್ಚು ಹಾಕಿಸಿದ ನೋಟುಗಳು. ಲೋಹವೆಲ್ಲ ಯುದ್ಧಕ್ಕೆ ಹೋಯಿತು, ಉಳಿದ ನಾಣ್ಯವನ್ನು ಜನ ಬಚ್ಚಿಟ್ಟರು, ಅಂಗಡಿಯಲ್ಲಿ ಚಿಲ್ಲರೆ ಇಲ್ಲ. ಆಗ ಊರಿನ ಪುರಸಭೆಯೇ ಕಾಗದದ ಮೇಲೆ ಬೆಲೆ ಬರೆದು, ಮೇಯರ್ ಸಹಿ ಹಾಕಿ, ಚಿಲ್ಲರೆ ಎಂದು ಕೊಟ್ಟಿತು. ಬೆರಳುದ್ದದ ಕಾಗದಗಳು. ಒಂದರಲ್ಲಿ ಊರಿನ ಗಡಿಯಾರದ ಗೋಪುರ, ಇನ್ನೊಂದರಲ್ಲಿ ಬರೀ ಒಂದು ಗೆಡ್ಡೆ. ತಿನ್ನಲು ಅದು ಬಿಟ್ಟು ಬೇರೇನೂ ಇಲ್ಲವೆಂದು ತಮ್ಮನ್ನು ತಾವೇ ಅಣಕಿಸಿಕೊಂಡ ಊರು ಅದು ಎಂದು ಅಪ್ಪ ಹೆಮ್ಮೆಯಿಂದ, ತಮ್ಮದೇ ಊರೆಂಬಂತೆ, ಹೇಳುತ್ತಿದ್ದರು.

"ಆ ಊರಿನ ಹೊರಗ ಈ ಕಾಗದಕ್ಕ ಮೂರು ಕಾಸಿನ ಕಿಮ್ಮತ್ತಿಲ್ಲ ನೀಲಾ. ಒಳಗ ಮಾತ್ರ ಬ್ರೆಡ್ಡು ಬರ್ತದ, ಹಾಲು ಬರ್ತದ. ಯಾಕ?"

"ಎಲ್ಲರೂ ಮೂರ್ಖರಾಗಿದ್ದರಿಂದ," ಎಂದೆ.

"ಪುರಾವಿ?"

ಮುಂದಿನ ಭಾನುವಾರ ಸಂಜೆ ಬಾಗಿಲ ಬಳಿಯ ಹಜಾರದಲ್ಲಿ ಎಲ್ಲರೂ ಚಹಾಕ್ಕೆ ಸೇರಿದಾಗ ಅಪ್ಪ ನಲವತ್ತು ಚೀಟಿಗಳನ್ನು ಹರಡಿದರು. ಹಳೆಯ ಕ್ಯಾಲೆಂಡರಿನ ಹಿಂಬದಿ ಕತ್ತರಿಸಿ, ಬಣ್ಣದ ಪೆನ್ಸಿಲಿನಲ್ಲಿ ಬರೆದವು. ಕೆಲವುಗಳಲ್ಲಿ ನಮ್ಮ ಕಸದ ಡಬ್ಬಿ ಬೀಳಿಸುವ ನರಿ, ಕೆಲವುಗಳಲ್ಲಿ ಪದ್ಮಕ್ಕನ ಮುರಿದ ಕೊಡೆ, ಕೆಲವುಗಳಲ್ಲಿ ಕೋರೆಹಲ್ಲು ಬಿದ್ದ ನಾನು. ಎಲ್ಲದರ ಕೆಳಗೂ ಗುಂಡಗಿನ ಅಕ್ಷರದಲ್ಲಿ ಒಂದು ಸಾಲು, ಅದರ ಕೆಳಗೆ ಸಹಿ. ಎಲ್ಲರೂ ತಮ್ಮ ದುಂಡು ನಾಣ್ಯಗಳನ್ನು ಅಪ್ಪನಿಗೆ ಕೊಟ್ಟು ಅಷ್ಟೇ ಚೀಟಿ ಪಡೆಯುವುದು. ಬಟ್ಟೆಯ ಬುಟ್ಟಿಯನ್ನು ಚೀಟಿಯ ಸಮೇತ ನೆಲಮಾಳಿಗೆಯಲ್ಲಿ ಇಟ್ಟುಹೋಗುವುದು. ಹಗಲೆಲ್ಲ ಮನೆಯಲ್ಲೇ ಇರುವ ಅಪ್ಪ ನಾಣ್ಯ ಹಾಕಿ, ಒಗೆಸಿ, ಅಲ್ಲೇ ಹಗ್ಗದ ಮೇಲೆ ಒಣಹಾಕುವುದು.

"ಸಾರ್, ಸಖತ್ ಸಾರ್! ನಮ್ಮ ಬ್ಯಾಂಕಿಗೆ ನೀವೇ ಬಂದುಬಿಡಿ," ಎಂದರು ಕಿರಣ್ ಅಂಕಲ್.

"ನನ್ನ ಕೊಡೆಯ ಮರ್ಯಾದೆ ಹೀಗೆ ತೆಗೆಯುವುದಾ ಮಾಷ್ಟ್ರೇ?" ಎಂದು ಪದ್ಮಕ್ಕ ನಕ್ಕರೂ, ಕೊಡೆಯ ಚೀಟಿಗಳನ್ನೇ ಆರಿಸಿ ತೆಗೆದುಕೊಂಡರು. ಅವರಿಗೆ ಒಂಬತ್ತು ಬಂದವು.

ಅವತ್ತಿನಿಂದ ಅಪ್ಪ ಆ ಮನೆಯಲ್ಲಿ 'ಡಾಕ್ಟರ್ ಮೇಡಂ ಹಸ್ಬೆಂಡ್' ಆಗಿರುವುದು ನಿಂತಿತು. ಮೆಟ್ಟಿಲಿನಲ್ಲಿ ಸಾರ್, ಹಜಾರದಲ್ಲಿ ಮಾಷ್ಟ್ರು. ಅಂಗಿಯ ಮೇಲಿನ ಗುಂಡಿ ಹಾಕಿಕೊಂಡು ನೆಲಮಾಳಿಗೆಗೆ ಇಳಿಯತೊಡಗಿದರು. ನಾಣ್ಯದ ಬಿಸ್ಕತ್ತಿನ ಡಬ್ಬಿ ನಮ್ಮ ಅಡುಗೆಮನೆಯ ಕಪಾಟಿನಲ್ಲಿ, ನಮ್ಮ ಕಡೆಯ ಸಾಮಾನು ಸಿಗುವ ಕಿಂಗ್ಸ್‌ಬರಿಯಿಂದ ತರುತ್ತಿದ್ದ ಜೋಳದ ಹಿಟ್ಟಿನ ಪಕ್ಕ ಕೂತಿತು. ಮೊದಲ ತಿಂಗಳು ಮುಗಿದು ಮಾಲೀಕನ ಆಳು ಬಂದಾಗ ಲೆಕ್ಕ ಸರಿಯಾಗಿತ್ತು. ಡಬ್ಬಿ ಮತ್ತೆ ತುಂಬಿತು, ಚೀಟಿಗಳು ಮತ್ತೆ ಹಂಚಿಹೋದವು.

ಎರಡನೇ ತಿಂಗಳು ಅಪ್ಪನ ಕೈ ಕೆಟ್ಟಿತು. ಬೆರಳಿನ ಸಂದುಗಳು ಕೆಂಪಗಾಗಿ ಬಿರಿದವು. ರೊಟ್ಟಿ ಬಡಿಯುವುದನ್ನು ಬಿಟ್ಟರು, ಹಿಟ್ಟು ತಗುಲಿದರೆ ಉರಿಯುತ್ತದೆಂದು. ಅಮ್ಮ ದೀಪದ ಕೆಳಗೆ ಹಿಡಿದು ನೋಡಿ, ಚಳಿಗಾಲ ಬರುತ್ತಿದೆ, ಸೂಪರ್‌ಮಾರ್ಕೆಟ್ಟಿನ ಫ್ರೀಜರಿಗೆ ಬರಿಗೈ ಹಾಕುತ್ತೀರಿ, ಗ್ಲೌಸ್ ಎಲ್ಲಿ ಎಂದು ಗದರಿ ಮುಲಾಮು ತಂದುಕೊಟ್ಟರು. ಅಪ್ಪ ಹೂಂ ಎಂದರು. ಅವರು ಪುರಾವೆ ಕೇಳದೆ ಒಪ್ಪಿಕೊಂಡದ್ದು ನನ್ನ ಕಿವಿಗೆ ಬೀಳಬೇಕಿತ್ತು. ನಾನು ಆಗ ಬೇರೆ ಕೆಲಸದಲ್ಲಿದ್ದೆ.

ಚರ್ಚಾಕೂಟದಲ್ಲಿ ನನಗೆ ಬಂದ ವಿಷಯ: ಕಾಗದದ ಹಣ ಎನ್ನುವುದೇ ಒಂದು ಮೋಸ. ನಾನು ಪರವಾಗಿ ಮಾತಾಡಬೇಕು. ನನ್ನ ಮನೆಯಲ್ಲೇ ಉದಾಹರಣೆ ಇರುವಾಗ ಪುಸ್ತಕ ಯಾಕೆ ಎಂದು ನೋಟ್‌ಬುಕ್ ಹಿಡಿದು ನೆಲಮಾಳಿಗೆಗೆ ಹೋಗಿ ಕಿಟಕಿಯ ಅಂಕಿ ಬರೆದುಕೊಂಡೆ. ಮೂರು ವಾರ ಬಿಟ್ಟು, ಈ ನಡುವೆ ಎಷ್ಟು ಒಗೆತವಾಯಿತೆಂದು ಕಳೆಯಲು ಮತ್ತೆ ಹೋದೆ. ಅದೇ ಅಂಕಿ. ಕೊನೆಯ ಅಂಕೆ ಕೂಡ ಅಲುಗಿರಲಿಲ್ಲ. ಕಿಂಡಿಯ ಮೇಲೆ ಧೂಳಿತ್ತು. ತಲೆಯೆತ್ತಿದರೆ ಹಗ್ಗದ ಮೇಲೆ ಪದ್ಮಕ್ಕನ ನೀಲಿ ಯೂನಿಫಾರ್ಮು, ಕಿರಣ್ ಅಂಕಲ್‌ನ ಅಂಗಿಗಳು, ಇನ್ನೂ ತೊಟ್ಟಿಕ್ಕುತ್ತಿದ್ದವು.

ನಾನು ಅಲ್ಲೇ ಮೇಲೆ ಹೋಗಿ ಅಪ್ಪನನ್ನು ಕೇಳಬಹುದಿತ್ತು. ಹತ್ತು ವರ್ಷದವಳಿಗೆ ಅಷ್ಟು ಬುದ್ಧಿ ಇರಲಿಲ್ಲ ಎಂದು ಯಾರಾದರೂ ನನ್ನ ಪರವಾಗಿ ವಾದಿಸಿದರೆ ನಾನೇ ಅದನ್ನು ಕತ್ತರಿಸಿ ಹಾಕುತ್ತೇನೆ. ಬುದ್ಧಿ ಇತ್ತು. ಎದುರಿಗೆ ಜನ ಬೇಕಿತ್ತು.

ಭಾನುವಾರದ ಚಹಾ. ಕಿರಣ್ ಅಂಕಲ್ ಖಾರದ ಕಡಲೆ ತಂದಿದ್ದರು. ಪದ್ಮಕ್ಕ ಡ್ಯೂಟಿ ಮುಗಿಸಿ ಬಂದು ಶೂ ಬಿಚ್ಚಿ ಕೂತಿದ್ದರು. ಅಮ್ಮನಿಗೆ ಅಪರೂಪದ ರಜೆ. ನಾನು ಮೆಟ್ಟಿಲಿನ ಎರಡನೇ ಹಂತದ ಮೇಲೆ ನಿಂತೆ. ಕಲಿಸಿದ ಹಾಗೆ ಬೆನ್ನು ನೆಟ್ಟಗೆ, ನೋಟ್‌ಬುಕ್ ಎದೆಯ ಹತ್ತಿರ.

"ಮೂರು ವಾರದಿಂದ ಮಷೀನು ಒಂದು ಸಲವೂ ತಿರುಗಿಲ್ಲ. ಇದು ಪುರಾವೆ," ಎಂದು ಎರಡು ಅಂಕಿಗಳನ್ನೂ ಓದಿದೆ. "ಆದರೆ ಚೀಟಿಗಳು ಅಪ್ಪನ ಹತ್ತಿರ ಬರುತ್ತಲೇ ಇವೆ. ಅಂದರೆ ಚೀಟಿಗಳ ಹಿಂದೆ ನಾಣ್ಯವಿಲ್ಲ. ಡಬ್ಬಿ ತೆಗೆದು ತೋರಿಸಲಿ."

"ಏಯ್ ನೀಲಾ, ಸೂಪರ್ ಪಾಯಿಂಟ್!" ಎಂದು ಕಿರಣ್ ಅಂಕಲ್ ಚಪ್ಪಾಳೆ ತಟ್ಟಿದರು. "ಸಾರ್, ಆಡಿಟ್ ಬಂತು ನೋಡಿ ಸಾರ್!" ಎಂದವರು ಅಪ್ಪನ ಮುಖ ನೋಡಿ ಕೈಗಳನ್ನು ಕೆಳಗಿಳಿಸಿದರು.

ಪದ್ಮಕ್ಕ ನಗಲಿಲ್ಲ. ಕಪ್ಪು ನಿಧಾನವಾಗಿ ಕೆಳಗಿಟ್ಟರು.

"ಮಷೀನು ತಿರುಗಲಿಲ್ಲ ಅಂತಾದರೆ, ನನ್ನ ಬಟ್ಟೆ ಒಗೆದದ್ದು ಯಾರು ಮಾರಾಯ್ರೇ?"

ಈ ಪ್ರಶ್ನೆ ನನ್ನ ನೋಟ್‌ಬುಕ್ಕಿನಲ್ಲಿ ಇರಲಿಲ್ಲ. ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ. ಎಲ್ಲರೂ ಅಪ್ಪನ ಕಡೆ ತಿರುಗಿದರು. ಅಪ್ಪ ತಮ್ಮ ಎರಡೂ ಕೈಗಳನ್ನು ಮೆಲ್ಲಗೆ ತೊಡೆಯ ಕೆಳಗೆ ಸೇರಿಸಿಕೊಂಡರು, ಕ್ಲಾಸಿನಲ್ಲಿ ಏನೋ ಬಚ್ಚಿಡುವ ಮಕ್ಕಳ ಹಾಗೆ. ಆಮೇಲಿನ ಇಷ್ಟು ವರ್ಷಗಳಲ್ಲಿ ಎಷ್ಟೋ ವೇದಿಕೆ ಹತ್ತಿದ್ದೇನೆ. ಎದುರಾಳಿಯ ಒಂದು ವಾಕ್ಯ ಕಾಲ ಕೆಳಗಿನ ಹಲಗೆ ಎಳೆದದ್ದೂ ಇದೆ. ಅವತ್ತಿನ ಹಾಗೆ ಒಮ್ಮೆಯೂ ಆಗಿಲ್ಲ.

ಎದ್ದದ್ದು ಅಮ್ಮ. ಅಪ್ಪನ ಮುಂದೆ ಮಂಡಿಯೂರಿ ಕೂತು, ಕೈಗಳನ್ನು ಎಳೆದು ಹೊರಗೆ ತೆಗೆದು, ಮಗುಚಿ ನೋಡಿದರು.

"ಸೋಪಿನ ನೀರು," ಎಂದರು. ದನಿ ಆಸ್ಪತ್ರೆಯದಾಗಿರಲಿಲ್ಲ. "ಮೂರು ವಾರದಿಂದ ಮುಲಾಮು ಕೊಡ್ತಿದೀನಿ. ನಾನು ಡಾಕ್ಟರು. ನನಗೆ ಕಾಣ್ಲಿಲ್ವಲ್ರೀ!"

"ನೀ ಸುಮ್ಮನಿರು," ಎಂದರು ಅಪ್ಪ ಬಲು ಮೆಲ್ಲಗೆ.

"ಇರಲ್ಲ. ಇವರಿಗೆಲ್ಲ ಹೇಳ್ತೀನಿ." ಅಮ್ಮ ಎದ್ದು ನಿಂತರು. "ಡಬ್ಬಿ ಖಾಲಿ ಮಾಡಿದ್ದು ನಾನು. ನಾಳೆಯಿಂದ ಈ ನಾಣ್ಯ ಯಾವ ಅಂಗಡೀಲೂ ನಡೆಯಲ್ಲ, ಹಾಳಾಗಿಹೋಗತ್ತೆ ಅಂತ ವಾರ್ಡಲ್ಲಿ ಮಾತಾಡ್ತಿದ್ರು. ಅಯ್ಯೋ, ಮನೇಲಿ ಡಬ್ಬಿ ತುಂಬಾ ಇದೆಯಲ್ಲ ಅಂತ ಓಡಿಬಂದು, ತಗೊಂಡು ಹೋಗಿ ಬ್ಯಾಂಕಿಗೆ ಕಟ್ಟಿಬಿಟ್ಟೆ. ನಲವತ್ತೂ. ಎಲ್ಲಾರ ದುಡ್ಡೂ ಉಳಿಸಿದೆ ಅಂತ ಖುಷಿಯಾಗಿ ಮನೆಗೆ ಬಂದೆ."

ಉಳಿದದ್ದನ್ನು ಅಮ್ಮ ಒಂದೊಂದೇ ವಾಕ್ಯದಲ್ಲಿ ಹೇಳಿದರು, ತಮಗೆ ಗೊತ್ತಿಲ್ಲದ್ದನ್ನು ಅಪ್ಪನನ್ನು ಕೇಳಿ ಕೇಳಿ ಹೊರತೆಗೆದರು. ನಾನು ಕೇಳಿದ್ದೂ ಆಗಲೇ. ಅಪ್ಪ ಮಾರನೆಯ ದಿನ ಬ್ಯಾಂಕಿಗೆ ಹೋಗಿದ್ದರು. ದುಂಡು ನಾಣ್ಯ ವಾಪಸ್ ಕೊಡುವುದಿಲ್ಲವೆಂದು ಅಲ್ಲಿಯವರು ಹೇಳಿದ್ದರು. ಅಂಗಡಿ ಅಂಗಡಿ ಕೇಳಿದರೂ ಸಿಗಲಿಲ್ಲ. ಪೌಂಡುಗಳೇನೋ ಭದ್ರವಾಗಿದ್ದವು, ನಮ್ಮ ಖಾತೆಯಲ್ಲಿ. ಯಂತ್ರದ ಕಿಂಡಿಗೆ ಮಾತ್ರ ಅವುಗಳಿಂದ ಏನೂ ಪ್ರಯೋಜನವಿರಲಿಲ್ಲ. ಎಲ್ಲೋ ಹಳೆಯ ನಾಣ್ಯ ಸಿಕ್ಕಿವೆ, ನಡೆಯುತ್ತಿದೆ ಎಂದು ಅಪ್ಪ ಅಮ್ಮನಿಗೆ ಹೇಳಿದ್ದರು, ಕೆಳಗಿನವರಿಗೆ ಏನನ್ನೂ ತಿಳಿಸಿರಲಿಲ್ಲ. ಎಲ್ಲರ ನಾಣ್ಯವನ್ನೂ ಡಾಕ್ಟರ್ ತಮ್ಮ ಖಾತೆಗೆ ಹಾಕಿಕೊಂಡರು ಎನ್ನುವ ಮಾತು ಆಸ್ಪತ್ರೆಯವರೆಗೆ ಹೋಗಬಾರದು, ಅದಕ್ಕೆ. ಆಮೇಲೆ ದಿನವೂ ಎಂಟೂವರೆಗೆ ಕೆಲಸದಿಂದ ಬಂದು, ಬುಟ್ಟಿಗಳನ್ನು ಮೂರು ಅಂತಸ್ತು ಹೊತ್ತು ತಂದು, ನಮ್ಮ ಸ್ನಾನದ ತೊಟ್ಟಿಯಲ್ಲಿ, ಮಂಡಿಯೂರಿ, ನಾನು ಸ್ಕೂಲಿನಿಂದ ಬರುವ ಮೊದಲು ಒಗೆದು, ಹಿಂಡಿ, ಬಕೆಟ್ಟಿನಲ್ಲಿ ಕೆಳಗೊಯ್ದು ಒಣಹಾಕುತ್ತಿದ್ದರು. ನಾನು ಅದೇ ತೊಟ್ಟಿಯಲ್ಲಿ ಸಂಜೆ ಸ್ನಾನ ಮಾಡುತ್ತ ನನ್ನ ವಾದವನ್ನು ಅಭ್ಯಾಸ ಮಾಡಿದ್ದೆ.

ಕಿರಣ್ ಅಂಕಲ್ ಎದ್ದು ನಿಂತಿದ್ದರು. "ಸಾರ್, ನನ್ನ ಸಾಕ್ಸ್ ಎಲ್ಲಾ... ಸಾರ್, ಒಂದು ಮಾತು ಹೇಳ್ಬಾರ್ದಾ ಸಾರ್," ಎನ್ನುತ್ತ ಎಲ್ಲಿ ನೋಡಬೇಕೆಂದು ತಿಳಿಯದೆ ಕಡಲೆಯ ತಟ್ಟೆ ನೋಡುತ್ತಿದ್ದರು.

ಪದ್ಮಕ್ಕ ಬಗ್ಗಿ ಶೂಗಳನ್ನು ಎತ್ತಿಕೊಂಡರು.

"ನನ್ನ ಒಳಬಟ್ಟೆ ಸಹ ಅದರಲ್ಲಿ ಇತ್ತು," ಎಂದರು. ಯಾರಿಗೆ ಹೇಳಿದರೋ ಗೊತ್ತಾಗಲಿಲ್ಲ. "ನಾನು ಮಷೀನಿಗೆ ಅಂತ ಹಾಕಿದ್ದು. ಮಾಷ್ಟ್ರ ಕೈಗೆ ಅಂತ ಅಲ್ಲ."

ಶೂಗಳನ್ನು ಕೈಯಲ್ಲೇ ಹಿಡಿದು, ನನ್ನನ್ನು ದಾಟಿ, ಮೆಟ್ಟಿಲು ಹತ್ತಿ ಹೋದರು. ಬಾಗಿಲು ಹಾಕಿದ ಸದ್ದು ಜೋರಾಗಿಯೇನೂ ಬರಲಿಲ್ಲ.

ಆ ಸಂಜೆ ಮೇಜು ಬಿಚ್ಚಿ, ಮೊಸರು ಹೊರಗಿಟ್ಟು, ಮೂವರೂ ಕೂತೆವು. ಅಮ್ಮ ಅನ್ನ ಕಲಸಿ ಅಪ್ಪನಿಗೆ ಚಮಚ ಕೊಟ್ಟರು. ಅಪ್ಪ ಚಮಚದಲ್ಲಿ ಉಂಡದ್ದನ್ನು ನಾನು ಅದೇ ಮೊದಲು ನೋಡಿದ್ದು. ಬೈಗುಳ ಬರಲಿ ಎಂದು ಕಾಯುತ್ತಿದ್ದೆ. ಬೈದಿದ್ದರೆ ಎದುರುತ್ತರವಿತ್ತು: ನಾನು ಹೇಳಿದ್ದು ಸುಳ್ಳಾ?

"ವಾದ ಛಲೋ ಮಾಡಿದಿ," ಎಂದರು ಅಪ್ಪ. "ಅಂಕಿ ಬರಕೊಂಡಿದ್ದು ಛಲೋ. ಒಂದ ತಪ್ಪದ."

"ಏನು?"

"ಚೀಟಿ ಓದಿಲ್ಲ ನೀ."

ಕಿಸೆಯಿಂದ ಒಂದನ್ನು ತೆಗೆದು ನನ್ನ ತಟ್ಟೆಯ ಪಕ್ಕ ಇಟ್ಟರು. ಹಲ್ಲು ಬಿದ್ದ ನಾನು, ಬಣ್ಣದ ಪೆನ್ಸಿಲಿನಲ್ಲಿ. ಕೆಳಗೆ ಆ ಸಾಲು. ಅವರು ಕಲಿಸಿದ ಅಕ್ಷರಗಳನ್ನು ಕೂಡಿಸಿಕೊಂಡು, ಬೆರಳಿಟ್ಟು, ಜೋರಾಗಿ ಓದಿದೆ. 'ಈ ಚೀಟಿ ತಂದವರಿಗೆ ಒಂದು ಸಲದ ಒಗೆತ ಖಾತ್ರಿ.'

"ನಾಣ್ಯ ಕೊಡ್ತೀನಿ ಅಂತ ಎಲ್ಲೆ ಬರದೀನಿ? ಮಷೀನ್ಯಾಗ ಒಗೀತೀನಿ ಅಂತ ಎಲ್ಲೆ ಬರದೀನಿ? ಚೀಟಿ ಕೊಟ್ಟವರ ಒಂದರೆ ಅರಿವಿ-ಬಟ್ಟಿ ಹೊಲಸ ಆಗೇ ಹೊಳ್ಳಿ ಹೋಗೇದೇನು? ಮೋಸ ಅಂದಿ. ಪುರಾವಿ ಏನದ?"

ಅಮ್ಮ ಎದ್ದು ಹೋಗಿ ನಲ್ಲಿ ಬಿಟ್ಟುಕೊಂಡು ನಿಂತರು. ತೊಳೆಯಲು ಪಾತ್ರೆ ಯಾವುದೂ ಇರಲಿಲ್ಲ.

ಅಪ್ಪ ತಾವು ಗೆದ್ದೆವೆಂದು ನಗಲಿಲ್ಲ. ಚಮಚ ತಟ್ಟೆಯಲ್ಲಿಟ್ಟು, "ಖರೇ ಹೇಳಬೇಕಂದ್ರ ಪದ್ಮಕ್ಕಗ ಮಾತ್ರ ಮೋಸ ಆಗೇದ," ಎಂದರು. "ಅಕಿ ಹೇಳಿದ್ದು ಕರೆಕ್ಟ್ ಅದ. ಅದಕ್ಕ ನನ್ನ ಕಡೆ ಉತ್ತರ ಇಲ್ಲ."

ಉತ್ತರವಿಲ್ಲ ಎಂದು ಅಪ್ಪ ಹೇಳಿದ್ದನ್ನೂ ನಾನು ಅದೇ ಮೊದಲು ಕೇಳಿದ್ದು.

ಕಿರಣ್ ಅಂಕಲ್ ಮಾರನೆಯ ದಿನವೇ ಮಾಲೀಕನಿಗೆ ಫೋನ್ ಮಾಡಿ ಇಂಗ್ಲಿಷಿನಲ್ಲಿ ಜಗಳವಾಡಿ, ಹೊಸ ನಾಣ್ಯ ತಿನ್ನುವ ಯಂತ್ರ ಹಾಕಿಸಿದರು. ಅಷ್ಟು ಸುಲಭವಿತ್ತು. ಅಮ್ಮ ಎಲ್ಲರ ಪಾಲಿನ ಪೌಂಡುಗಳನ್ನು ಲಕೋಟೆಯಲ್ಲಿಟ್ಟು ಬಾಗಿಲ ಕೆಳಗೆ ಸರಿಸಿದರು. ಪದ್ಮಕ್ಕ ಆಸ್ಪತ್ರೆಯಲ್ಲಿ ಅಮ್ಮನ ಜೊತೆ ಕೆಲಸದ ಮಾತಷ್ಟೇ ಆಡುತ್ತಿದ್ದರು. ಅಪ್ಪ ಮೆಟ್ಟಿಲಿನಲ್ಲಿ ಅವರ ಹೆಜ್ಜೆ ಕೇಳಿದರೆ ನಮ್ಮ ಬಾಗಿಲೊಳಗೇ ನಿಂತು, ಅವರು ಇಳಿದುಹೋದ ಮೇಲೆ ಇಳಿಯುತ್ತಿದ್ದರು. ಅಂಗಿಯ ಮೇಲಿನ ಗುಂಡಿ ಮತ್ತೆ ಬಿಚ್ಚಿಕೊಂಡಿತು. ಭಾನುವಾರದ ಚಹಾ ನಿಂತುಹೋಯಿತು. ಶನಿವಾರದ ಚರ್ಚೆಯಲ್ಲಿ ನಾನು ಪುಸ್ತಕದ ಉದಾಹರಣೆ ಕೊಟ್ಟು ಸೋತೆ.

ಒಂದು ತಿಂಗಳಾದ ಮೇಲೆ ನಮ್ಮ ಬಾಗಿಲ ಕೆಳಗೆ ಲಕೋಟೆಯೊಂದು ಬಂತು. ಒಳಗೆ ಪದ್ಮಕ್ಕನ ಹತ್ತಿರ ಉಳಿದಿದ್ದ ಕೊಡೆಯ ಚೀಟಿಗಳು. ಅಪ್ಪ ಹಸಿರು ಆಲ್ಬಮ್ಮಿನ ಕೊನೆಯ ಪುಟದಲ್ಲಿ, ಗೆಡ್ಡೆಯ ಊರಿನ ಎದುರಿಗೆ, ಒಗೆತಕ್ಕೆಂದು ಮೊದಲೇ ತಮ್ಮ ಕೈ ಸೇರಿದ್ದ ಕೊಡೆಗಳನ್ನೂ ಸೇರಿಸಿ, ಅವುಗಳಿಗೆ ಒಂಬತ್ತು ಜಾಗ ಮಾಡಿದರು. ಎಂಟು ತುಂಬಿದವು. ಎರಡು ಸಲ ಎಣಿಸಿದರು. ಲಕೋಟೆಯನ್ನು ಕೊಡವಿದರು.

ನಾನು ಕೆಳಗಿಳಿದು ಹೋಗಿ ಪದ್ಮಕ್ಕನ ಬಾಗಿಲು ತಟ್ಟಿದೆ. ಆಗಲೂ ನನ್ನ ತಲೆಯಲ್ಲಿ ಇದ್ದದ್ದು ಎಂಟು ಮತ್ತು ಒಂಬತ್ತು ಎಂದು ಹೇಳಲು ನಾಚಿಕೆಯಾಗುತ್ತದೆ. ಬಾಗಿಲು ಅರ್ಧ ತೆರೆಯಿತು. ಯೂನಿಫಾರ್ಮಿನಲ್ಲಿದ್ದರು. ಹೊರಡುವ ಹೊತ್ತು.

"ಪದ್ಮಕ್ಕ, ಒಂದು ಕಮ್ಮಿ ಇದೆ," ಎಂದೆ. ಹೇಗೋ ಕನ್ನಡದಲ್ಲೇ ಬಂತು.

"ಗೊತ್ತುಂಟು."

"ಕಳೆದುಹೋಯ್ತಾ?"

"ಇಲ್ಲ. ನನ್ನ ಹತ್ರ ಉಂಟು. ಕೊಡುವುದಿಲ್ಲ ಅಂತ ಹೇಳು ನಿನ್ನ ಅಪ್ಪನಿಗೆ."

ಇಟ್ಟುಕೊಂಡದ್ದು ಕ್ಷಮಿಸಿದ್ದಕ್ಕೋ, ಕ್ಷಮಿಸದೆ ಇದ್ದದ್ದಕ್ಕೋ? ಒಂದು ಒಗೆತ ಇನ್ನೂ ಬರಬೇಕಿದೆ ಎಂದೋ, ಇನ್ನೆಂದೂ ಬೇಡವೆಂದೋ? ನಾಲ್ಕು ಪ್ರಶ್ನೆಗಳೂ ನಾಲಿಗೆಯ ತುದಿಯಲ್ಲಿ ಸಾಲಾಗಿ ನಿಂತಿದ್ದವು, ಅಭ್ಯಾಸದಂತೆ. ಪದ್ಮಕ್ಕ ಬಾಗಿಲಿಗೆ ಕೈಯಿಟ್ಟು ನನ್ನ ಮುಖವನ್ನೇ ನೋಡುತ್ತ, ಕೇಳುತ್ತೀಯಾ ಎನ್ನುವಂತೆ, ಕಾದರು.

ನಾನು ಕೇಳಲಿಲ್ಲ. ಮೇಲೆ ಹೋಗಿ ಅಪ್ಪನಿಗೆ ಅವರ ಮಾತನ್ನು ಹೇಳಿದ ಹಾಗೇ ಹೇಳಿದೆ. ಅಪ್ಪ ಒಂಬತ್ತನೆಯ ಜಾಗವನ್ನು ಹಾಗೇ ಖಾಲಿ ಬಿಟ್ಟು ಆಲ್ಬಮ್ ಮುಚ್ಚಿದರು. ಅವರೂ ಪುರಾವೆ ಕೇಳಲಿಲ್ಲ.